ಬೇರು ಬರಿಸುವ ಪುಡಿ: ಕೊಳ್ಳುವ ಮುನ್ನ ಲೇಬಲ್ ಓದಿ

ಮಳೆಗಾಲ ಬಂತೆಂದರೆ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಮನೆಯಿಂದ ಮನೆಗೆ ಗಿಡದ ಕಡ್ಡಿಗಳು ಓಡಾಡತೊಡಗುತ್ತವೆ. ನೆಟ್ಟ ಕಡ್ಡಿಗಳು ಒಣಗಿದಾಗ ನಾವು ಗೊಬ್ಬರದ ಅಂಗಡಿಗೆ ಹೋಗಿ "ಬೇರು ಬರುವ ಔಷಧಿ ಕೊಡಿ" ಎನ್ನುತ್ತೇವೆ. ಕೊಟ್ಟದ್ದನ್ನು ಓದದೆಯೇ ತರುತ್ತೇವೆ. ನಷ್ಟ ಶುರುವಾಗುವುದು ಇಲ್ಲೇ.

ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಗುಲಾಬಿ ಸಸಿ ಮಾಡಿ ಮಾರಬೇಕೆಂದು ಹೊಲಿಗೆಯ ದುಡ್ಡಿನಲ್ಲಿ ಒಂದು ಬಾಟಲಿ ತಂದಿದ್ದರು. ಕಡ್ಡಿಗಳೆಲ್ಲ ಕೊಳೆತವು. ಬಾಟಲಿಯ ಮೇಲೆ ಬರೆದಿದ್ದುದು ಜಿಬ್ಬರೆಲಿಕ್ ಆಸಿಡ್ ಎಂದು. ನಮ್ಮ ದ್ರಾಕ್ಷಿ ತೋಟಗಳಲ್ಲಿ ಗೊಂಚಲಿಗೆ ಬಳಸುವ ವಸ್ತು ಅದು. ಅದೂ ಹಾರ್ಮೋನೇ, ಆದರೆ ಕಡ್ಡಿಯಲ್ಲಿ ಬೇರು ಮೂಡುವುದನ್ನು ಅದು ಸಾಮಾನ್ಯವಾಗಿ ತಡೆಯುತ್ತದೆ!

ಹಾಗಾದರೆ ಏನನ್ನು ನೋಡಬೇಕು? ಲೇಬಲ್‌ನಲ್ಲಿ ಇಂಡೋಲ್ ಬ್ಯುಟೈರಿಕ್ ಆಸಿಡ್, ಅಂದರೆ ಐಬಿಎ ಎಂದಿರಬೇಕು. ಅದು ಬೇರು ಬರಿಸುವುದೆಂದು 1935ರಲ್ಲೇ ವಿಜ್ಞಾನಿಗಳು ತೋರಿಸಿದ್ದರು. ಎನ್‌ಎಎ ಕೂಡ ಬೇರು ಬರಿಸುತ್ತದೆ. ಆದರೆ ಹೂ, ಕಾಯಿ ಉದುರದಂತೆ ಸಿಂಪಡಿಸಲು ಮಾರುವ ಎನ್‌ಎಎ ದ್ರಾವಣಕ್ಕೆ ಕಡ್ಡಿ ಅದ್ದಬೇಡಿ. ಅದರ ಪ್ರಮಾಣವೇ ಬೇರೆ. ಹ್ಯೂಮಿಕ್ ಆಸಿಡ್, ಕಡಲಪಾಚಿಯ ದ್ರಾವಣಗಳು ಬೇರು ಬಂದ ಗಿಡಕ್ಕೆ ಕೊಡುವಂಥವು.

ಮುಂದಿನದು ಪ್ರಮಾಣ. ಎಳೆಯ, ಹಸಿರು ಕಡ್ಡಿಗೆ ಶೇ. 0.1, ಅರೆಬಲಿತದ್ದಕ್ಕೆ 0.3, ಗಟ್ಟಿ ಕಡ್ಡಿಗೆ 0.8ರಷ್ಟು ಐಬಿಎ ಇರುವ ಪುಡಿ ರೂಢಿಯಲ್ಲಿದೆ. ಲೇಬಲ್‌ನಲ್ಲಿ 3000 ಪಿಪಿಎಂ ಎಂದಿದ್ದರೆ ಅದೇ 0.3. ಹೆಚ್ಚು ಹಾಕಿದರೆ ಹೆಚ್ಚು ಬೇರು ಬರುವುದಿಲ್ಲ, ಕಡ್ಡಿಯ ಬುಡ ಸುಡುತ್ತದೆ. ಶುದ್ಧ ಐಬಿಎ ನೀರಿನಲ್ಲಿ ಸುಲಭವಾಗಿ ಕರಗದು, ಸ್ಪಿರಿಟ್‌ನಲ್ಲಿ ಕರಗಿಸಬೇಕು. ಮನೆಯಲ್ಲಿ ಸ್ಪಿರಿಟ್ ಇಡಲು ಹಿಂಜರಿಯುವವರಿಗೆ ಟಾಲ್ಕ್ ಬೆರೆಸಿದ ಪುಡಿಯೇ ಅನುಕೂಲ.

ಬೇಕಾದಷ್ಟೇ ಪುಡಿಯನ್ನು ಕಾಗದದ ಮೇಲೆ ಸುರಿದುಕೊಳ್ಳಿ. ಕಡ್ಡಿಯ ಬುಡವನ್ನು ಅದರಲ್ಲಿ ಒತ್ತಿ, ಹೆಚ್ಚಾದದ್ದನ್ನು ಕೊಡವಿ ನೆಡಿ. ಉಳಿದದ್ದನ್ನು ಡಬ್ಬಿಗೆ ಮರಳಿ ಹಾಕಬೇಡಿ. ಅಡುಗೆಯ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೆ ಸಿಗದಂತೆ ತಂಪಾದ ಜಾಗದಲ್ಲಿಡಿ. ತಯಾರಾದ ದಿನಾಂಕ ನೋಡಿ, ಚಿಕ್ಕ ಪ್ಯಾಕೆಟ್ಟನ್ನೇ ಕೊಳ್ಳಿ.

ಎಲ್ಲಕ್ಕೂ ಪುಡಿ ಬೇಕೇ? ಇಲ್ಲ. ಪುದೀನ, ನುಗ್ಗೆ, ಅಂಜೂರ, ಬೆಂಗಳೂರು ನೀಲಿ ದ್ರಾಕ್ಷಿ, ರೇಷ್ಮೆ ಬೆಳೆಗಾರರು ನೆಡುವ ವಿ-1 ಹಿಪ್ಪುನೇರಳೆ ತಾವಾಗಿಯೇ ಬೇರು ಬಿಡುತ್ತವೆ. ಮಾವಿಗೆ ಕಸಿಯೇ ದಾರಿ. ಪುಡಿಯ ಉಪಯೋಗ ಗುಲಾಬಿಯಂಥ ಗಿಡಗಳಿಗೆ, ನಮ್ಮ ದೇವನಹಳ್ಳಿ ಚಕ್ಕೋತದ ಗೂಟಿಗೆ. ನೆರಳು, ಹದವಾದ ತೇವ, ನೀರು ಬಸಿಯುವ ಮಣ್ಣು ಇಲ್ಲದಿದ್ದರೆ ಯಾವ ಪುಡಿಯೂ ಕೈಹಿಡಿಯದು. ಸಂಶಯವಿದ್ದರೆ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೋ ಕೇಳಿ.

ಆ ತಾಯಿ ಇನ್ನೊಂದು ಪ್ರಶ್ನೆ ಕೇಳಿದ್ದರು: "ಆಪಾ, ಇದು ಅಲ್ಲಾಹನ ಸೃಷ್ಟಿಯಲ್ಲಿ ಕೈ ಹಾಕಿದಂತೆ ಆಗಲ್ವಾ?" ಮದೀನಾದ ಜನರು ಖರ್ಜೂರದ ಮರಗಳಿಗೆ ಕೈಯಿಂದಲೇ ಪರಾಗ ಹಾಕುತ್ತಿದ್ದರು. ಅದನ್ನು ಬಿಟ್ಟ ವರ್ಷ ಫಸಲು ಕುಗ್ಗಿತು. ಆಗ ಪ್ರವಾದಿ(ಸ)ಯವರು, ಇಂಥ ಲೌಕಿಕ ವಿಷಯಗಳು ನಿಮಗೇ ಚೆನ್ನಾಗಿ ತಿಳಿದಿವೆ ಎಂಬ ಅರ್ಥದ ಮಾತು ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅನುಭವದಿಂದ ಕಲಿಯುವುದಕ್ಕೆ ಇದಕ್ಕಿಂತ ದೊಡ್ಡ ಅನುಮತಿ ಬೇಕೇ? ಬೇರು ಬಿಡುವ ಶಕ್ತಿಯನ್ನು ಕಡ್ಡಿಯೊಳಗೆ ಇಟ್ಟವನು ಅಲ್ಲಾಹನು. ಪುಡಿ ಅದಕ್ಕೊಂದು ನೆಪ ಮಾತ್ರ.

ಆದರೆ ತಿಳಿದುಕೊಳ್ಳುವ ಹೊಣೆ ನಮ್ಮದು. ಓದು ಎಂಬ ಆಜ್ಞೆಯಿಂದ ಆರಂಭವಾದ ದೀನ್ ನಮ್ಮದು. ಹೆಣ್ಣುಮಗಳೊಬ್ಬಳು ಸೂಜಿ ದಾರದಿಂದ ಕೂಡಿಟ್ಟ ಹಣ ಮಣ್ಣುಪಾಲಾಗಬಾರದು. ಮುಂದಿನ ಬಾರಿ ಅಂಗಡಿಯಲ್ಲಿ ದುಡ್ಡು ಎಣಿಸುವ ಮುನ್ನ ಡಬ್ಬಿಯನ್ನು ತಿರುಗಿಸಿ, ಸಣ್ಣ ಅಕ್ಷರಗಳನ್ನು ಓದಿ. ಕಣ್ಣಿಗೆ ಕಾಣದಿದ್ದರೆ ಮಗಳ ಕೈಗೆ ಕೊಟ್ಟು ಓದಿಸಿ.