ಕ್ರಿಯಾಪದಕ್ಕಾಗಿ ಕಾಯುತ್ತ

ಕಳೆದ ಗುರುವಾರ ಸಾಯಂಕಾಲ ಯಾದಗಿರಿಯ ನಮ್ಮ ಓಣಿಯ ಮನೆಯೊಂದರ ಪ್ರಾರ್ಥನಾಕೂಟದಲ್ಲಿ ಹಿರಿಯರೊಬ್ಬರು ಕಣ್ಮುಚ್ಚಿ ಕೈಯೆತ್ತಿ ಆರಂಭಿಸಿದ ಪ್ರಾರ್ಥನೆಯು, ಒಳಗೆ ಹಂಚಿನಿಂದಿಳಿದ ಜೋಳದ ರೊಟ್ಟಿಗಳು ಖಡಕ್ಕಾಗಿ, ಪುಂಡಿಪಲ್ಯವು ತಣ್ಣಗಾಗುವವರೆಗೂ ಮುಗಿಯಲಿಲ್ಲ. ಧ್ಯಾನಿಸಬೇಕಾದ ಹೊತ್ತಿನಲ್ಲಿ ಎಣಿಸುತ್ತ ಕುಳಿತದ್ದು ನನ್ನ ಅಪರಾಧವೆಂದು ಒಪ್ಪುತ್ತೇನೆ, ಆದರೂ ಎಣಿಸಿದೆ. ‘ಕರ್ತನೇ’ ಎಂಬ ಸಂಬೋಧನೆ 63 ಬಾರಿ ಬಂದಿತು.

ಕರ್ತೃವೆಂದರೆ ಮಾಡುವವನು. ವೈಯಾಕರಣರ ಮತದಲ್ಲಿ ಕರ್ತೃವಿಗೊಂದು ಕ್ರಿಯೆ ಬೇಕು. ನಮ್ಮ ಕನ್ನಡವಂತೂ ಆ ಕ್ರಿಯಾಪದವನ್ನು ವಾಕ್ಯದ ತುದಿಯವರೆಗೆ ಬಚ್ಚಿಟ್ಟುಕೊಂಡು ಕೇಳುವವನ ತಾಳ್ಮೆಯನ್ನು ಪರೀಕ್ಷಿಸುವ ಭಾಷೆ. ಆ ಹಿರಿಯರಾದರೋ ಕರ್ತನನ್ನು ಕರೆದು, ಮರಳಿ ಕರೆದು, ಉಸಿರೆಳೆಯುವಲ್ಲೆಲ್ಲ ಅಲ್ಪವಿರಾಮಕ್ಕೆ ಬದಲಾಗಿ ಕರೆದು ನಿಲ್ಲಿಸಿಕೊಂಡ ಮೇಲೂ, ಅವನಿಂದ ಆಗಬೇಕಾದುದೇನೆಂಬುದನ್ನು ಹೇಳಲೇ ಇಲ್ಲ. (ಉದ್ದ ವಾಕ್ಯದ ಚಪಲ ನನಗೂ ಉಂಟು, ಆದರೆ ಕೊನೆಗೆ ಕ್ರಿಯಾಪದವನ್ನು ತಲುಪಿಸುತ್ತೇನೆ.) ಬದಲಾಗಿ ಬಂದದ್ದು ಓಣಿಯ ವಾರ್ತೆ: ಯಾರ ಮನೆಯ ಸಾಲ ಎಷ್ಟಾಯಿತು, ಯಾರ ಮಗ ಆರಾಧನೆಗೆ ಬರುವುದನ್ನು ಬಿಟ್ಟ, ಎಲ್ಲವೂ ‘ನೀನು ಬಲ್ಲೆ’ ಎಂಬ ಪೀಠಿಕೆಯೊಡನೆ ಸರ್ವಜ್ಞನಿಗೇ ನಿವೇದಿತವಾದವು.

ಇಲ್ಲಿಯವರೆಗೆ ನಗಬಹುದು. ಆದರೆ ಗಂಡನ ಮನೆಯಿಂದ ಮರಳಿ ಬಂದ ಹೆಣ್ಣುಮಗಳೊಬ್ಬಳು ಅದೇ ಚಾಪೆಯ ಅಂಚಿನಲ್ಲಿ ತಲೆ ತಗ್ಗಿಸಿ ಕುಳಿತಿರುವಾಗ, ಅವಳನ್ನು ನೆನೆಯುವ ನೆಪದಲ್ಲಿ ಅವಳ ಸಂಸಾರವನ್ನು ಸಭೆಯ ಮುಂದೆ ಬಿಚ್ಚಿ ಹರಡುವುದು ಪ್ರಾರ್ಥನೆಯಲ್ಲ. ದೇವರ ವಿಳಾಸ ಬರೆದು ನೆರೆಯವರ ಮನೆಗೆ ಹಾಕಿದ ಕಾಗದ. ಅದಕ್ಕೆ ‘ಆಮೆನ್’ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಇನ್ನು ಮುಂದೆ ಏಳುವುದೂ ಇಲ್ಲ.

“ದೇವ್ರಿಗಿ ಕಿವಿ ಕೇಳಂಗಿಲ್ಲೇನೋ ತಮ್ಮಾ?” ಎಂದಳು ಅವ್ವ, ಮನೆಗೆ ಮರಳುವ ದಾರಿಯಲ್ಲಿ.

ಅವ್ವನ ಪದ್ಧತಿಯೇ ಬೇರೆ. ಹಿಟ್ಟು ನಾದುವ ಮುನ್ನ ಸೆರಗನ್ನು ಹಣೆಯ ಮೇಲೆಳೆದುಕೊಂಡು ಎರಡು ಉಸಿರಿನಷ್ಟು ಹೊತ್ತು ಸುಮ್ಮನಿರುವಳು. ತರುವಾಯ ರೊಟ್ಟಿ ಬಡಿಯುವ ಸದ್ದಿನೊಳಗೆ, ಒಂದೊಂದು ರೊಟ್ಟಿಗೆ ಒಂದೊಂದು ಹೆಸರು. ನಮ್ಮ ಮೆಥಡಿಸ್ಟ್ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯ ತಾಯಿ, 19 ಮಕ್ಕಳನ್ನು ಹೆತ್ತ ಸುಸನ್ನಾ, ಗದ್ದಲದ ಮನೆಯಲ್ಲಿ ಏಪ್ರನ್ನನ್ನು ತಲೆಯ ಮೇಲೆ ಹೊದ್ದು ಪ್ರಾರ್ಥಿಸುತ್ತಿದ್ದಳೆಂದು ಪ್ರತೀತಿ. ಅವ್ವ ಆಕೆಯ ಹೆಸರನ್ನೂ ಕೇಳಿದವಳಲ್ಲ.

ನನ್ನ ಪಾಲಿಗೆ ಒಲೆಯಿಲ್ಲ, ಬಸ್ಸುಂಟು. ಕೆಲಸದ ನಿಮಿತ್ತ ಶಹಾಪುರದ ಮೇಲೆ ಸುರಪುರಕ್ಕೆ ಹೋಗಿಬರುವ ನಾನು ದಾರಿಯನ್ನೇ ಪಾಲು ಮಾಡಿಟ್ಟುಕೊಂಡಿದ್ದೇನೆ: ಬಸ್ಸು ಹೊರಡುವಾಗ ಹೋಲ್‌ಸ್ಟನ್ ಆಸ್ಪತ್ರೆಯಲ್ಲಿ ಮಲಗಿದವರು, ಭೀಮೆಯ ಸೇತುವೆಯ ಮೇಲೆ, ನೀರಿದ್ದರೆ ಕೃತಜ್ಞತೆ, ಬರಿಯ ಮರಳಿದ್ದರೆ ಮಳೆಯ ಬಿನ್ನಹ, ಹತ್ತಿಯ ಹೊಲಗಳ ನಡುವೆ ಸಾಲಗಾರರು, ಅವರಲ್ಲಿ ನಾನೂ ಒಬ್ಬ, ಶಹಾಪುರದ ಬಳಿ, ಮಲಗಿದ ಬುದ್ಧನಂತೆ ತೋರುವ ಬೆಟ್ಟಸಾಲು ಕಂಡಾಗ, ನಾನು ಕ್ಷಮಿಸಬೇಕಾದವರು. ಕಂಡಕ್ಟರು ಚಿಲ್ಲರೆ ಎಣಿಸಿ ಕೊಡುವಷ್ಟರಲ್ಲಿ ವಾಕ್ಯ ಮುಗಿಯಬೇಕು, ಕ್ರಿಯಾಪದಸಹಿತವಾಗಿ, ಅದೊಂದೇ ನಿಯಮ. ಮೊಣಕಾಲೂರದೆ ಮಾಡಿದ ಪ್ರಾರ್ಥನೆ ಮೇಲೇರುವುದಿಲ್ಲವೆನ್ನುವವರಿಗೆ, ಕುದುರೆಯ ಕಡಿವಾಣವನ್ನು ಕೊರಳ ಮೇಲೆ ಸಡಿಲಬಿಟ್ಟು ಪುಸ್ತಕ ಓದುತ್ತ ಊರೂರು ತಿರುಗಿದ ವೆಸ್ಲಿಯನ್ನು ತೋರಿಸುತ್ತೇನೆ. ಅವನ ಕಾಲದಲ್ಲಿ ಬಸ್ಸಿದ್ದಿದ್ದರೆ ಕಿಟಕಿಯ ಪಕ್ಕದ ಸೀಟು ನನಗೆ ಸಿಗುತ್ತಿರಲಿಲ್ಲ.

ನಿನ್ನೆ ಬೆಟ್ಟ ಕಂಡಿತು. ಗುರುವಾರದ ಹಿರಿಯರ ಹೆಸರನ್ನು ನೆನೆದು ‘ಕರ್ತನೇ’ ಎಂದೆ. ಮತ್ತೊಮ್ಮೆ ‘ಕರ್ತನೇ’ ಎಂದೆ. ಕಂಡಕ್ಟರು ಚಿಲ್ಲರೆ ಕೊಟ್ಟು ಮುಂದೆ ಹೋದ. ಬೆಟ್ಟ ಹಿಂದೆ ಸರಿಯಿತು. ಶಹಾಪುರದಲ್ಲಿ ಜನ ಇಳಿದರು, ಹತ್ತಿದರು. ಸುರಪುರದಲ್ಲಿ ನಾನಿಳಿಯುವ ಹೊತ್ತಿಗೆ ಲೆಕ್ಕ ಒಂಬತ್ತಾಗಿತ್ತು.