ಉಳಿದುದಕ್ಕೂ ಒಂದು ಮರ್ಯಾದೆ

ಹಬ್ಬದ ದಿನ ಶ್ರಾವಕನ ವಿವೇಕಕ್ಕೆ ಪರೀಕ್ಷೆ ಒದಗುವುದು ಒಲೆ ಉರಿಯುವಾಗಲ್ಲ, ಒಲೆ ಆರಿದ ಮೇಲೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಬೆಲ್ಲದ ವರ್ತಕರೊಬ್ಬರ ಮನೆಯಲ್ಲಿ ಒಂದು ಮಹಾವೀರ ಜಯಂತಿಯಂದು ಇಂತಹ ಪ್ರಸಂಗವೊದಗಿತು. ಬರಬೇಕಾಗಿದ್ದ ನೆಂಟರಲ್ಲಿ ಅರ್ಧದಷ್ಟು ಮಂದಿ ಬರಲಿಲ್ಲ. ಮಧ್ಯಾಹ್ನದ ಊಟ ಮುಗಿದಾಗ ಅನ್ನ, ತೊವ್ವೆಗಳೊಡನೆ ೪೦ ಚಪಾತಿಗಳು ಉಳಿದಿದ್ದವು.

ಉಳಿದುದನ್ನು ಮುಚ್ಚಿಟ್ಟು ಮರುದಿನ ಬೆಳಿಗ್ಗೆ ಆಲೆಮನೆಯ ಆಳುಗಳಿಗೆ ಕಳುಹಿಸುವುದು ಯಜಮಾನರ ಬಹುಕಾಲದ ರೂಢಿ. ಅದನ್ನು ಅವರು ಆಹಾರದಾನವೆಂದೇ ಭಾವಿಸಿದ್ದರು. ಅಂದು ಸೊಸೆ ಮೆಲುದನಿಯಲ್ಲಿ ಕೇಳಿದಳು: “ಮಾವ, ರಾತ್ರಿ ಕಳೆದ ಅಡುಗೆ ನಮಗೆ ಅಭಕ್ಷ್ಯವಲ್ಲವೆ? ನಾವು ಮುಟ್ಟದುದನ್ನು ಅವರಿಗೆ ಕೊಟ್ಟರೆ ಅದು ದಾನ ಹೇಗಾದೀತು?” ಲೆಕ್ಕದ ಪುಸ್ತಕದಲ್ಲಿ ಒಂದು ಪೈಸೆ ತಪ್ಪದ ಆ ವರ್ತಕರಿಗೆ ಉತ್ತರ ಹೊಳೆಯಲಿಲ್ಲ.

ಪ್ರಶ್ನೆ ಸಾಮಾನ್ಯವಾದುದಲ್ಲ. ನಮ್ಮ ಹಿರಿಯರು ಪ್ರತಿಯೊಂದು ಆಹಾರ ಪದಾರ್ಥಕ್ಕೂ ಕಾಲದ ಮರ್ಯಾದೆಯನ್ನು ಗೊತ್ತುಮಾಡಿದ್ದಾರೆ. ದಿಗಂಬರ ಸಂಪ್ರದಾಯದಲ್ಲಿ ಹಿಟ್ಟಿಗೆ ಮಳೆಗಾಲದಲ್ಲಿ ೩, ಬೇಸಿಗೆಯಲ್ಲಿ ೫, ಚಳಿಗಾಲದಲ್ಲಿ ೭ ದಿನಗಳ ಮಿತಿಯುಂಟು. ನೀರು ಬೆರೆತು ಬೆಂದ ಅಡುಗೆಯನ್ನು ರಾತ್ರಿ ಕಳೆಯುವವರೆಗೆ ಇಟ್ಟು ಉಣ್ಣುವಂತಿಲ್ಲ. ತೇವವಿರುವಲ್ಲಿ ಸೂಕ್ಷ್ಮಜೀವಿಗಳು ಹುಟ್ಟುತ್ತವೆ, ರಸ ಕೆಡುತ್ತದೆ. ಈ ಹಿಂಸೆಯು ಉಣ್ಣುವವನು ಯಾರೆಂಬುದನ್ನು ನೋಡಿ ಬದಲಾಗುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಾನದ ಹಿರಿಮೆ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಅವಲಂಬಿಸಿದೆಯೆಂದು ತಿಳಿಸುತ್ತದೆ. ದ್ರವ್ಯವೇ ಕೆಟ್ಟಿರುವಾಗ ಉಳಿದ ಮೂರರಿಂದ ಏನು ಫಲ?

ಅಂದು ಹೊತ್ತು ಇನ್ನೂ ಇಳಿದಿರಲಿಲ್ಲ. ಅನ್ನ, ತೊವ್ವೆಗಳು ಕೂಡಲೇ ಆಲೆಮನೆಗೆ ಹೋದವು. ಚಪಾತಿಗಳನ್ನು ಸೊಸೆ ಕಾವಲಿಯ ಮೇಲೆ ಗರಿಗರಿಯಾಗುವಂತೆ ಕಾಯಿಸಿ, ಕುಟ್ಟಿ, ಪುಡಿಮಾಡಿದ ಬೆಲ್ಲ, ಕೊಬ್ಬರಿ ತುರಿ, ಏಲಕ್ಕಿ, ತುಪ್ಪ ಬೆರೆಸಿ ಉಂಡೆ ಕಟ್ಟಿದಳು. ಉತ್ತರ ಕರ್ನಾಟಕದ ಮಾದಲಿಯ ಹದವೂ ಇದಕ್ಕೆ ಸಮೀಪವಾದುದೇ. ಆದರೆ ರೂಪ ಬದಲಾದ ಮಾತ್ರಕ್ಕೆ ಚಪಾತಿಯ ಮಿತಿ ಬೆಳೆಯುವುದಿಲ್ಲವೆಂದು, ಸೂರ್ಯಾಸ್ತಕ್ಕೆ ಮುನ್ನವೇ ಉಂಡೆಗಳನ್ನೆಲ್ಲ ಕೇರಿಯ ಮಕ್ಕಳಿಗೂ ಆಳುಗಳಿಗೂ ಹಂಚಿಸಿದಳು. ಮನೆಯವರು ತಿಂದದ್ದೂ ಅದೇ ಉಂಡೆಯನ್ನು.

ಇಂತಹ ಎಚ್ಚರ ನಮ್ಮಲ್ಲಿ ಮಾತ್ರ ಇರುವುದೆಂದು ತಿಳಿಯಬೇಕಾಗಿಲ್ಲ. ಹಲವು ವರ್ಷ ಮಹಾವೀರ ಜಯಂತಿಯ ಆಸುಪಾಸಿನಲ್ಲೇ ಬರುವ ಪೆಸಾಹ್ ಹಬ್ಬದಲ್ಲಿ ಯಹೂದ್ಯರು ಹುದುಗು ಬಂದ ಧಾನ್ಯದ ಆಹಾರವನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದಿಲ್ಲ. ಅವರ ಮಾತ್ಸಾ ಎಂಬ ರೊಟ್ಟಿಯನ್ನು, ಹಿಟ್ಟಿಗೆ ನೀರು ಸೋಕಿದ ೧೮ ನಿಮಿಷಗಳೊಳಗೆ ಬೇಯಿಸಿ ಮುಗಿಸಬೇಕು. ಹಬ್ಬ ಕಳೆದ ಮೇಲೆ ಉಳಿದ ಮಾತ್ಸಾವನ್ನು ಮುರಿದು, ಬೆಣ್ಣೆ ಸಕ್ಕರೆಗಳ ಪಾಕ ಹೊಯ್ದು, ಚಾಕೊಲೇಟ್ ಸವರಿ ಸಿಹಿ ಮಾಡುವ ಮನೆಗಳುಂಟು. ತೇವವಿಲ್ಲದೆ ಗರಿಗರಿಯಾಗಿ ಬೆಂದಿರುವುದರಿಂದಲೇ ಆ ರೊಟ್ಟಿ ಅಷ್ಟು ದಿನ ಬಾಳುತ್ತದೆ. ಅವರ ನಿಯಮದ ಕಾರಣ ಬೇರೆ, ನಮ್ಮ ನಿಯಮದ ಕಾರಣ ಬೇರೆ. ನೀರು ಮತ್ತು ಕಾಲಗಳ ಮೇಲೆ ಕಣ್ಣಿಡುವುದು ಮಾತ್ರ ಎರಡು ಕಡೆಯೂ ಒಂದೇ.

ಉಳಿದುದನ್ನು ಸಿಹಿ ಮಾಡುವುದು ಜಾಣತನವಿರಬಹುದು. ಆದರೆ ಬೆಲ್ಲ ಏಲಕ್ಕಿಗಳು ಹಳಸಿದ ವಾಸನೆಯನ್ನು ಮರೆಸಬಲ್ಲವೇ ಹೊರತು ದೋಷವನ್ನು ಕಳೆಯಲಾರವು. ಮೊದಲು ಅಳತೆಯರಿತು ಅಡುಗೆ. ಉಳಿದರೆ ಹೊತ್ತು ಮೀರುವ ಮುನ್ನ ಹಂಚಿಕೆ. ನಾವು ಉಣ್ಣಬಹುದಾದುದನ್ನೇ ಪರರಿಗೆ ಕೊಡುವುದು. ಶ್ರಾವಕನಿಗೆ ಇಷ್ಟು ಲೆಕ್ಕ ಸಾಕು.

ಮರುವರ್ಷದ ಜಯಂತಿಗೆ ವರ್ತಕರು ಆಲೆಮನೆಯ ಆಳುಗಳನ್ನು ಮನೆಗೇ ಕರೆದು ಮೊದಲ ಪಂಕ್ತಿಯಲ್ಲಿ ಬಿಸಿ ಊಟಕ್ಕೆ ಕೂರಿಸಿದರು. ಹಿಟ್ಟನ್ನು ಎರಡು ಬಾರಿಯಾಗಿ, ಬಂದವರನ್ನು ಎಣಿಸಿ ಕಲಸಲಾಯಿತು. ಏನೂ ಉಳಿಯಲಿಲ್ಲ. ಆದರೆ ಕೇರಿಯ ಮಕ್ಕಳು ಬಾಗಿಲಲ್ಲಿ ಬಂದು ನಿಂತದ್ದರಿಂದ, ಉಂಡೆಗೆಂದೇ ಸೊಸೆ ಮತ್ತೆ ಹತ್ತು ಚಪಾತಿ ಬೇಯಿಸಬೇಕಾಯಿತು.