ಛೇದದಲ್ಲಿ ಇರಬೇಕಾದವರು

ಪುಣೆಯ ಹೊರವಲಯದಲ್ಲಿ ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ ಕಡೆಯವರಲ್ಲಿ ಟಿಬಿ ಆದವರ ಚಿಕಿತ್ಸೆ ನಡುವೆ ನಿಲ್ಲದಂತೆ ನೋಡಿಕೊಳ್ಳುವುದು ನಮ್ಮ ಸಣ್ಣ ತಂಡದ ಕೆಲಸ. ಮಾತ್ರೆ ಆರು ತಿಂಗಳು ನುಂಗಬೇಕು. ತೊಗರಿ ಬಿತ್ತನೆ ಅಷ್ಟು ದಿನ ಕಾಯುವುದಿಲ್ಲ. ಊರಲ್ಲಿ ಮಳೆ ಬಿತ್ತೆಂದು ಫೋನ್ ಬಂದರೆ ಮರುದಿನ ಶೆಡ್ ಖಾಲಿ. ಆಗ ನಮ್ಮ ಕಾರ್ಯಕರ್ತೆ ಒಬ್ಬೊಬ್ಬರಿಗೂ ಕನ್ನಡದಲ್ಲೇ ಫೋನ್ ಮಾಡಿ ಊರು, ತಾಲ್ಲೂಕು ಕೇಳುತ್ತಾರೆ. ನಿಕ್ಷಯ್ ಪೋರ್ಟಲ್‌ನಲ್ಲಿ ಅವರ ಹೆಸರು ಅಲ್ಲಿನ ಆಸ್ಪತ್ರೆಗೆ ವರ್ಗವಾಗುವ ತನಕ ಬೆನ್ನು ಬಿಡುವುದಿಲ್ಲ. ನಮ್ಮ ಯೋಜನೆ ಅಂದರೆ ಇಷ್ಟೇ.

ಇದನ್ನು ಒಂದು ಸಮ್ಮೇಳನಕ್ಕೆ ಅಬ್‌ಸ್ಟ್ರ್ಯಾಕ್ಟ್ ಮಾಡಿ ಕಳಿಸಬೇಕಿತ್ತು. 250 ಪದ, ಹಿನ್ನೆಲೆ, ವಿಧಾನ, ಫಲಿತಾಂಶ, ತೀರ್ಮಾನ ಎಂಬ ನಾಲ್ಕು ಖಾನೆ. ಈ ಖಾನೆಗಳನ್ನು ಹೊಲಿದದ್ದು ಸಂಶೋಧನೆಯ ಅಳತೆಗೆ. ನಮ್ಮಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ, ಇಡುವಂತೆಯೂ ಇರಲಿಲ್ಲ. ಅಂತಾರಾಷ್ಟ್ರೀಯ ಏಡ್ಸ್ ಸಮ್ಮೇಳನದವರು ಇಂಥ ಕೆಲಸಗಳಿಗೆಂದೇ ‘ಕಲಿತ ಪಾಠ’ ಎಂಬ ಖಾನೆಯಿರುವ ಬೇರೆ ನಮೂನೆ ಇಟ್ಟಿದ್ದಾರೆ. ಎಲ್ಲರೂ ಇಡಬಾರದೇ ಅನ್ನಿಸಿತು.

ಜಗಳ ಹತ್ತಿದ್ದು ಫಲಿತಾಂಶದ ಖಾನೆಯಲ್ಲಿ. ಚಿಕಿತ್ಸೆ ಬಿಟ್ಟವರನ್ನು ಮೊದಲೆಲ್ಲ ‘ಡಿಫಾಲ್ಟರ್’ ಅನ್ನುತ್ತಿದ್ದರು, ಸಾಲ ತೀರಿಸದವರಿಗೆ ಬ್ಯಾಂಕಿನವರು ಅಂದ ಹಾಗೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟು ‘ಲಾಸ್ಟ್ ಟು ಫಾಲೋ-ಅಪ್’ ಎಂದು ಮಾಡಿತು. ತಪ್ಪು ರೋಗಿಯ ತಲೆಯಿಂದ ಇಳಿಯಿತು, ಒಳ್ಳೆಯದೇ. ಆದರೆ ಊರಿಗೆ ಹೋದವರನ್ನು ಲೆಕ್ಕದಿಂದಲೇ ತೆಗೆದುಬಿಡೋಣ ಎಂದರು ನಮ್ಮಲ್ಲೊಬ್ಬರು. ಛೇದ ಚಿಕ್ಕದಾದರೆ ಶೇಕಡಾವಾರು ಹೊಳೆಯುತ್ತದೆ. ಸುಳ್ಳೇನೂ ಅಲ್ಲ, ‘ಬೇರೆ ಕಡೆಗೆ ವರ್ಗ’ ಎಂದು ಅಡಿಟಿಪ್ಪಣಿ ಹಾಕಿದರಾಯಿತು ಎಂಬ ವಾದ.

ಕಾರ್ಯಕರ್ತೆ ಅಲ್ಲೇ ಕೂತಿದ್ದರು. ವಿಷಯ ಏನೆಂದು ಕನ್ನಡದಲ್ಲಿ ಹೇಳಿದೆ. “ಅವ್ರು ಎಲ್ಲಿ ಹೋಗ್ಯಾರಂತ ನನಗ ಗೊತ್ತದ್ರಿ. ಕಳಕೊಂಡವ್ರು ನೀವು” ಅಂದರು. ಅವರ ನೋಟ್‌ಬುಕ್ಕಿನಲ್ಲಿ ಪ್ರತಿ ಹೆಸರಿನ ಮುಂದೆ ಊರಿತ್ತು. ಕೆಲವದರ ಮುಂದೆ ‘ಗುಳಿಗಿ ಬಿಟ್ಟಾನ’ ಎಂದೂ ಇತ್ತು. ಅಡಿಟಿಪ್ಪಣಿಯಲ್ಲಿ ಮುಚ್ಚಿಹೋಗುತ್ತಿದ್ದದ್ದು ಇವೇ.

ಛೇದ ಹಾಗೇ ಉಳಿಯಿತು. ಊರಿನ ಆಸ್ಪತ್ರೆ ತಲುಪಿದವರೆಷ್ಟು, ವಿಳಾಸ ಗೊತ್ತಿದ್ದೂ ಮಾತ್ರೆ ಬಿಟ್ಟವರೆಷ್ಟು ಎಂದು ಎರಡು ಸಾಲು ಸೇರಿಸಿದೆವು. ಅದಕ್ಕೆ ಜಾಗ ಮಾಡಲು ಹಿನ್ನೆಲೆಯಲ್ಲಿದ್ದ ದೇಶದ ಅಂಕಿಅಂಶಗಳನ್ನು ಹೊಡೆದುಹಾಕಿದೆ. ಸಮ್ಮೇಳನಕ್ಕೆ ಬರುವವರಿಗೆ ಅವು ಬಾಯಿಪಾಠ.

ಆಮೇಲೆ ‘ಫೋನ್ ಕರೆಗಳನ್ನು ಮಾಡಲಾಯಿತು’ ಎಂಬ ವಾಕ್ಯ. ಇಂಗ್ಲಿಷಿನಲ್ಲಿ ಸಲೀಸಾಗಿ ಕೂತಿತ್ತು. ಕನ್ನಡದಲ್ಲಿ ಓದಿದರೆ ‘ಯಾರು ಮಾಡಿದರು?’ ಎಂದು ಕೇಳಬೇಕೆನಿಸುತ್ತದೆ. ಆಕೆಯ ಹೆಸರನ್ನು ಲೇಖಕರ ಪಟ್ಟಿಗೆ ಸೇರಿಸಿದೆವು. ಅರ್ಜಿಯಲ್ಲಿ ಪ್ರತಿ ಲೇಖಕರ ಪದವಿ ಕೇಳಿದ್ದರು. ಎಸ್ಸೆಸ್ಸೆಲ್ಸಿ ಎಂದು ತುಂಬಿದೆ.